ಹದಿನೈದರ ಮಕ್ಕಳು ‘ಪೂಜೆಗೆ ಬರಲ್ಲ’ ಅಂದಾಗ: ಮನೆ, ನಂಬಿಕೆ ಮತ್ತು ಮನಸ್ಸಿನ ನೆಮ್ಮದಿ

ಆಷಾಢ ಶುಕ್ರವಾರದ ಬೆಳಗಿನ ಜಾವ ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದು ಸಣ್ಣ ಜಗಳ ನಡೆಯುತ್ತದೆ. ಅಮ್ಮ ಚಾಮುಂಡಿ ಬೆಟ್ಟಕ್ಕೆ ಹೊರಟು ನಿಂತಿರುತ್ತಾರೆ. ಹತ್ತನೇ ಕ್ಲಾಸಿನ ಮಗಳು ಹೊದಿಕೆ ಎಳೆದುಕೊಂಡು ‘ನಾನು ಬರಲ್ಲ, ನೀವು ಹೋಗಿ ಬನ್ನಿ’ ಅನ್ನುತ್ತಾಳೆ. ಚಿಕ್ಕವಳಿದ್ದಾಗ ಇದೇ ಹುಡುಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬೆಟ್ಟ ಹತ್ತಿದ್ದಳು. ಮದ್ದೂರು, ಮಳವಳ್ಳಿ ಕಡೆ ಜಗಳದ ವಿಷಯ ಬೇರೆ, ಧಾಟಿ ಅದೇ. ಮನೆದೇವರಿಗೆ ಹೋಗಬೇಕು ಅಂತ ಅಪ್ಪ ಟೆಂಪೋ ಗೊತ್ತು ಮಾಡಿರುತ್ತಾರೆ. ಮಗನಿಗೆ ಅವತ್ತೇ ಟ್ಯೂಷನ್ ಇರುತ್ತದೆ.

ಆಗ ಹೆತ್ತವರ ತಲೆಯಲ್ಲಿ ಎರಡು ಯೋಚನೆ ಒಟ್ಟಿಗೇ ಬರುತ್ತವೆ. ಮಗು ದೇವರು ದಿಂಡರು ಎಲ್ಲ ಬಿಟ್ಟುಬಿಡ್ತಾ? ಇಲ್ಲಾ ಮನಸ್ಸಿಗೆ ಏನಾದರೂ ಆಗಿದೆಯಾ? ಎರಡೂ ನಿಜವಾದ ಪ್ರಶ್ನೆಗಳೇ. ಆದರೆ ಎರಡೂ ಒಂದೇ ಅಲ್ಲ. ಇವೆರಡರ ನಡುವೆ ಮನೆ ಅನ್ನುವುದು ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಐವತ್ತು ವರ್ಷದಿಂದ ನೋಡುತ್ತಾ ಬಂದಿದ್ದಾರೆ. ಇದರಲ್ಲಿ ದೊಡ್ಡ ಅಧ್ಯಯನಗಳು ಬಹುಪಾಲು ಅಮೆರಿಕದವು. ಅಲ್ಲಿನವರು ಎಣಿಸಿದ್ದು ಚರ್ಚಿಗೆ ಹೋದ ಭಾನುವಾರಗಳನ್ನು, ಹರಕೆ ಜಾತ್ರೆಗಳನ್ನಲ್ಲ. ಆದ್ದರಿಂದ ನಮ್ಮ ಕಡೆಗೆ ಹೊಂದಿಸಿಕೊಳ್ಳುವಾಗ ಸ್ವಲ್ಪ ಉಪ್ಪು ಖಾರ ನೋಡಿಕೊಂಡೇ ಹೊಂದಿಸಿಕೊಳ್ಳಬೇಕು.

ಯಾರು ಹದಿಹರೆಯದವರು, ಯಾವುದು ಆಧ್ಯಾತ್ಮ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರೆಗಿನವರು ಹದಿಹರೆಯದವರು. ಅಂದರೆ ಐದನೇ ಕ್ಲಾಸಿನಿಂದ ಹೆಚ್ಚುಕಮ್ಮಿ ಡಿಗ್ರಿ ಮೊದಲ ವರ್ಷದವರೆಗೆ.

ಧಾರ್ಮಿಕತೆ ಅಂದರೆ ಕಣ್ಣಿಗೆ ಕಾಣುವ ಭಾಗ: ಪೂಜೆ, ಉಪವಾಸ, ರೋಜಾ, ನಮಾಜು, ಭಾನುವಾರದ ಪ್ರಾರ್ಥನೆ, ಮಠಕ್ಕೆ ಹೋಗುವುದು. ಆಧ್ಯಾತ್ಮ ಅಂದರೆ ಒಳಗಿನದು. ನಾನು ಯಾಕೆ ಬದುಕಿದ್ದೇನೆ, ನನಗಿಂತ ದೊಡ್ಡದು ಒಂದಿದೆಯಾ, ಕಷ್ಟ ಬಂದಾಗ ಯಾವುದನ್ನು ಹಿಡಿದುಕೊಳ್ಳಲಿ ಅನ್ನುವ ಹುಡುಕಾಟ. ಎಷ್ಟೋ ಜನರಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ. ಕೆಲವರಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಕೆಲವರಲ್ಲಿ ಎರಡನೆಯದು ಮಾತ್ರ. ದೇವರ ಮನೆಗೆ ಕಾಲಿಡದ ಹುಡುಗ ರಾತ್ರಿ ತಾರಸಿಯ ಮೇಲೆ ಮಲಗಿ ‘ತಾತ ಈಗ ಎಲ್ಲಿರಬಹುದು’ ಅಂತ ಯೋಚಿಸುತ್ತಿದ್ದರೆ ಅದೂ ಆಧ್ಯಾತ್ಮವೇ.

ನೆಮ್ಮದಿ ಅಂತ ಇಲ್ಲಿ ಹೇಳುತ್ತಿರುವುದು ಬರೀ ಖುಷಿಯನ್ನಲ್ಲ. ನಿದ್ದೆ ಸರಿಯಾಗಿ ಬರುವುದು, ನಾಲ್ಕು ಜನರ ಜೊತೆ ಹೊಂದಿಕೊಳ್ಳುವುದು, ಸೋತಾಗ ಮತ್ತೆ ಎದ್ದು ನಿಲ್ಲುವುದು, ಬದುಕಿಗೆ ಒಂದು ಅರ್ಥ ಇದೆ ಅನ್ನಿಸುವುದು, ಎಲ್ಲವೂ ಸೇರಿ ನೆಮ್ಮದಿ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಕ್ಕಳಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಐವತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಮೂರು ನಾಲ್ಕು ಮಕ್ಕಳು ಅಂತಿಟ್ಟುಕೊಳ್ಳಿ.

ಈ ವಯಸ್ಸಿನಲ್ಲೇ ಯಾಕೆ ಪ್ರಶ್ನೆ

ಎಂಟು ವರ್ಷದ ಮಗುವಿಗೆ ‘ಸುಳ್ಳು ಹೇಳಿದರೆ ದೇವರು ಕಣ್ಣು ಕುಕ್ಕುತ್ತಾನೆ’ ಅಂದರೆ ನಂಬುತ್ತದೆ. ಹದಿಮೂರರ ಮಗುವಿಗೆ ಅದೇ ಮಾತು ಹೇಳಿ ನೋಡಿ. ‘ಹಾಗಾದ್ರೆ ಪಕ್ಕದ ಮನೆ ಅಂಕಲ್ ಕಣ್ಣು ಯಾಕೆ ಇನ್ನೂ ಚೆನ್ನಾಗಿದೆ’ ಅಂತ ಕೇಳುತ್ತದೆ.

ಇದು ಕೊಬ್ಬಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ ಹಾಗೆ, ಹನ್ನೊಂದು ಹನ್ನೆರಡು ವರ್ಷದಿಂದ ಮಕ್ಕಳಿಗೆ ಕಣ್ಣಿಗೆ ಕಾಣದ ವಿಷಯಗಳ ಬಗ್ಗೆ ತರ್ಕ ಮಾಡುವ ಶಕ್ತಿ ಬರುತ್ತದೆ. ನ್ಯಾಯ, ಸಾವು, ಅನಂತ, ದೇವರು, ಎಲ್ಲವೂ ಆಗ ಲೆಕ್ಕದ ಹಾಗೆ ಬಿಡಿಸಿ ನೋಡಬೇಕಾದ ಸಂಗತಿಗಳಾಗುತ್ತವೆ. ಅದೇ ಹೊತ್ತಿಗೆ ಮೆದುಳಿನಲ್ಲಿ ಆಸೆ, ಕೋಪ, ರೋಮಾಂಚನಕ್ಕೆ ಸಂಬಂಧಪಟ್ಟ ಭಾಗ ಚುರುಕಾಗಿರುತ್ತದೆ. ತಡೆದು ಯೋಚಿಸುವ ಮುಂಭಾಗ ಬಲಿಯುವುದಕ್ಕೆ ಇಪ್ಪತ್ತೈದರ ಆಸುಪಾಸಿನವರೆಗೂ ಸಮಯ ಬೇಕು. ಹಾಗಾಗಿ ಪ್ರಶ್ನೆ ಸರಿಯಾಗಿದ್ದರೂ ಕೇಳುವ ದನಿ ಒರಟಾಗಿರುತ್ತದೆ. ಮನೆಯವರಿಗೆ ನೋವಾಗುವುದು ಹೆಚ್ಚಾಗಿ ಆ ದನಿಯಿಂದ.

1966ರಲ್ಲಿ ಜೇಮ್ಸ್ ಮಾರ್ಸಿಯಾ ಅನ್ನುವ ಮನಶ್ಶಾಸ್ತ್ರಜ್ಞ ಇನ್ನೊಂದು ಮಾತು ಸೇರಿಸಿದರು. ಯಾವ ಪ್ರಶ್ನೆಯೂ ಕೇಳದೆ ಅಪ್ಪ ಅಮ್ಮನ ದಾರಿಯನ್ನೇ ಹಿಡಿದವರು ಒಂದು ಬಗೆ. ಅಲೆದಾಡಿ, ಅನುಮಾನಪಟ್ಟು, ಆಮೇಲೆ ತಮ್ಮದೇ ತೀರ್ಮಾನಕ್ಕೆ ಬಂದವರು ಇನ್ನೊಂದು ಬಗೆ. ಹೊರಗಿನಿಂದ ಇಬ್ಬರೂ ಅದೇ ಗುಡಿಯಲ್ಲಿ ಕೈಮುಗಿದು ನಿಂತಿರಬಹುದು. ಆದರೆ ಎರಡನೆಯವರ ನಂಬಿಕೆ ಅವರದ್ದೇ ಸಂಪಾದನೆ. ಈ ಅಲೆದಾಟದ ಕಾಲ ನೋಡುವವರಿಗೆ ‘ಕೆಟ್ಟು ಹೋದ’ ಅನ್ನುವ ಹಾಗೇ ಕಾಣುತ್ತದೆ, ಏನು ಮಾಡುವುದು.

ಇನ್ನೊಂದು ಸಣ್ಣ ಸಂಗತಿ. ಬೆಳಗಿನ ಜಾವದ ಜಗಳಕ್ಕೆ ದೇವರಿಗೂ ಧರ್ಮಕ್ಕೂ ಸಂಬಂಧವೇ ಇಲ್ಲದ ಕಾರಣವೂ ಇರಬಹುದು. ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಹನ್ನೆರಡಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಅದು ನಾಸ್ತಿಕನ ಹಾಗೆ ಮಾತಾಡುವುದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ? ಸಂಜೆ ಮಂಗಳಾರತಿಗೆ ಕರೆದು ನೋಡಿ, ಉತ್ತರ ಬೇರೆ ಬರಬಹುದು.

ನಂಬಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆ

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಒಂದು ಅಧ್ಯಯನ ಶುರುವಾಯಿತು. ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್ಸನ್ ಮತ್ತು ಅವರ ಜೊತೆಯವರು ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ದಶಕಗಳ ಕಾಲ ಹಿಂಬಾಲಿಸಿದರು. ಅಜ್ಜ, ಮಗ, ಮೊಮ್ಮಗ, ಆಮೇಲೆ ಮರಿಮಗ. ಯಾವ ಮನೆಯ ನಂಬಿಕೆ ಮುಂದಿನವರಿಗೆ ದಾಟಿತು, ಯಾವ ಮನೆಯದು ದಾಟಲಿಲ್ಲ ಅಂತ ನೋಡಿದರು.

ತುಂಬಾ ಕಟ್ಟುನಿಟ್ಟಾಗಿ ಆಚರಿಸುವ ಮನೆಗಳೇ ಗೆಲ್ಲುತ್ತವೆ ಅಂತ ಯಾರಾದರೂ ಊಹಿಸಿಯಾರು. ಕಂಡದ್ದು ಹಾಗಲ್ಲ. ಹೆತ್ತವರ ಜೊತೆ ಮಕ್ಕಳಿಗೆ ಆಪ್ತತೆ ಇತ್ತಾ ಅನ್ನುವುದು ದೊಡ್ಡ ವ್ಯತ್ಯಾಸ ಮಾಡಿತ್ತು. ಅದರಲ್ಲೂ ಅಪ್ಪನ ಜೊತೆಗಿನ ಸಲಿಗೆ. ಅಪ್ಪ ಎಷ್ಟೇ ದೈವಭಕ್ತನಾದರೂ ಮಕ್ಕಳಿಗೆ ದೂರದವನಾಗಿದ್ದರೆ, ಬರೀ ಗದರುವವನಾಗಿದ್ದರೆ, ನಂಬಿಕೆ ದಾಟುವುದು ಕಮ್ಮಿ.

ಮಂಡ್ಯದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕೆಆರ್‌ಎಸ್‌ನಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ನಾಲೆ ಹೂಳು ತುಂಬಿದ್ದರೆ ಕೊನೇ ಭಾಗದ ಗದ್ದೆಗೆ ಒಂದು ಹನಿಯೂ ಬರುವುದಿಲ್ಲ. ಮನೆಯಲ್ಲಿರುವ ಭಕ್ತಿ, ಆಚಾರ, ವಿಚಾರ ಅಣೆಕಟ್ಟಿನ ನೀರು. ಅಪ್ಪ ಅಮ್ಮ ಮಕ್ಕಳ ನಡುವಿನ ಸಂಬಂಧ ನಾಲೆ.

ನಾಲೆಯಲ್ಲಿ ಹರಿಯುವುದು ಉಪದೇಶಕ್ಕಿಂತ ಜಾಸ್ತಿ ನಡವಳಿಕೆ. ಕಬ್ಬಿನ ಬಿಲ್ಲು ಬಾರದೆ ಕೈ ಕಟ್ಟಿದ ತಿಂಗಳಲ್ಲೂ ಅಪ್ಪ ಆಳಿನ ಕೂಲಿಯನ್ನು ನಿಲ್ಲಿಸದೆ ಕೊಟ್ಟದ್ದನ್ನು ಮಗ ನೋಡಿರುತ್ತಾನೆ. ಬಾಗಿಲಿಗೆ ಬಂದವರಿಗೆ ಅಜ್ಜಿ ಮೊರದಲ್ಲಿ ರಾಗಿ ಹಾಕುವುದನ್ನು ನೋಡಿರುತ್ತಾನೆ. ಗಂಟೆಗಟ್ಟಲೆ ಪೂಜೆ ಮಾಡಿ ಎದ್ದು ಬಂದವರು ಹತ್ತೇ ನಿಮಿಷದಲ್ಲಿ ಸೊಸೆಯನ್ನು ಬೈಯುವುದನ್ನೂ ನೋಡಿರುತ್ತಾನೆ. ಮೂರೂ ಅವನಿಗೆ ಧರ್ಮದ ಪಾಠಗಳೇ.

ಜವಾಬ್ದಾರಿ ಕೊಟ್ಟಾಗ ಏನಾಗುತ್ತದೆ ಅನ್ನುವುದಕ್ಕೆ ಮೈಸೂರಿನ ಗೊಂಬೆ ಹಬ್ಬ ಒಳ್ಳೆಯ ಉದಾಹರಣೆ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆ, ಕಳಶ, ಆರತಿ ಎಲ್ಲ ದೊಡ್ಡವರದ್ದು. ಗೊಂಬೆ ಮುಂದಿನ ‘ಪಾರ್ಕು’ ಮಾತ್ರ ಮಕ್ಕಳದ್ದು. ಹಬ್ಬಕ್ಕೆ ಕೆಲವು ದಿನ ಮೊದಲು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಾರೆ. ದಿನಾ ನೀರು ಚಿಮುಕಿಸುತ್ತಾರೆ. ಪಾಡ್ಯದ ಹೊತ್ತಿಗೆ ಹಸಿರು ಪೈರು ಬೆರಳುದ್ದ ಎದ್ದಿರುತ್ತದೆ. ಅದರೊಳಗೆ ಕನ್ನಡಿ ಚೂರಿನ ಕೆರೆ, ಮೃಗಾಲಯ, ಸೀರಿಯಲ್ ಲೈಟು. ಮಂತ್ರ ಹೇಳು ಅಂದರೆ ಮುಖ ಸಿಂಡರಿಸುವ ಹದಿನಾಲ್ಕರ ಹುಡುಗ ಲೈಟಿನ ವೈರು ಹಿಡಿದು ರಾತ್ರಿ ಹನ್ನೊಂದರವರೆಗೂ ಕೂತಿರುತ್ತಾನೆ. ಹಬ್ಬ ಅವನದ್ದೂ ಆಗುವುದು ಅಲ್ಲಿ. ಶಿವರಾತ್ರಿಗೆ ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ತಂಡಗಳಲ್ಲೂ ಇಂಥ ಹುಡುಗರು ಸಿಗುತ್ತಾರೆ. ಮನೆ ಪೂಜೆಗೆ ಕೂರದವರು ಗೆಳೆಯರ ಜೊತೆ ಕಾಲು ಬೊಬ್ಬೆ ಬರುವವರೆಗೂ ನಡೆಯುತ್ತಾರೆ.

ಒಂದೇ ಮಾತು, ನಾಲ್ಕು ಮನೆ

1960ರ ದಶಕದಲ್ಲಿ ಡಯಾನಾ ಬಾಮ್ರಿಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಕ್ಕಳನ್ನು ಬೆಳೆಸುವ ರೀತಿಗಳನ್ನು ವಿಂಗಡಿಸಿದರು. 1983ರಲ್ಲಿ ಬೇರೆ ಇಬ್ಬರು ಅದನ್ನು ನಾಲ್ಕಕ್ಕೆ ವಿಸ್ತರಿಸಿದರು. ಎರಡೇ ಅಳತೆಗೋಲು: ಮನೆಯಲ್ಲಿ ಪ್ರೀತಿ ಎಷ್ಟು, ಶಿಸ್ತು ಎಷ್ಟು.

ಗೌರಿ ಹಬ್ಬದ ದಿನ ಮಗ ‘ನನಗೆ ಪೂಜೆಲಿ ನಂಬಿಕೆ ಇಲ್ಲ’ ಅಂದ ಅಂತಿಟ್ಟುಕೊಳ್ಳಿ. ಒಂದು ಮನೆಯಲ್ಲಿ ‘ಬಾಯಿ ಮುಚ್ಕೊಂಡು ಕೂತ್ಕೊ’ ಅನ್ನುತ್ತಾರೆ. ಶಿಸ್ತಿದೆ, ಕೇಳಿಸಿಕೊಳ್ಳುವವರಿಲ್ಲ. ಇನ್ನೊಂದು ಮನೆಯಲ್ಲಿ ‘ಆಯ್ತು ಬಿಡು ಕಂದ, ನಿನ್ನಿಷ್ಟ’ ಅಂದು ಫೋನು ಕೈಗೆ ಕೊಡುತ್ತಾರೆ. ಪ್ರೀತಿಯಿದೆ, ಗೆರೆ ಇಲ್ಲ. ಮೂರನೇ ಮನೆಯಲ್ಲಿ ಅವನು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ನಾಲ್ಕನೇ ಮನೆಯಲ್ಲಿ ಅಮ್ಮ ಹೇಳುತ್ತಾರೆ: ‘ಸರಿ ಕಣೋ, ಮಂತ್ರ ಹೇಳೋದು ಬೇಡ. ಅಜ್ಜಿಗೋಸ್ಕರ ಮಂಗಳಾರತಿ ಹೊತ್ತಿಗೆ ಬಂದು ನಿಂತ್ಕೊ. ಯಾಕೆ ಹಂಗನ್ನಿಸ್ತು ಅಂತ ರಾತ್ರಿ ಕೂತು ಮಾತಾಡೋಣ.’ ರಾತ್ರಿ ನಿಜವಾಗಿಯೂ ಕೂತು ಮಾತಾಡುತ್ತಾರೆ.

ಈ ನಾಲ್ಕನೇ ಬಗೆಯ ಮನೆಗಳ ಮಕ್ಕಳಲ್ಲಿ ಆತ್ಮವಿಶ್ವಾಸ ಜಾಸ್ತಿ, ಖಿನ್ನತೆ ಕಮ್ಮಿ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಶಿಸ್ತಿನ ಅರ್ಥ ಎಲ್ಲ ಕಡೆ ಒಂದೇ ಅಲ್ಲ ಅನ್ನುವುದೂ ನಿಜ. ನಮ್ಮಲ್ಲಿ ಅಪ್ಪ ಗದರಿದರೂ ‘ನನ್ನ ಒಳ್ಳೇದಕ್ಕೇ’ ಅಂತ ಮಗು ಅಂದುಕೊಳ್ಳಬಹುದು. ಹಾಗೆ ಅಂದುಕೊಳ್ಳುತ್ತಾ ಅನ್ನುವುದು ಮುಖ್ಯ. ಅದನ್ನು ಮಗುವನ್ನೇ ಕೇಳಿ ತಿಳಿಯಬೇಕು.

ನಂಬಿಕೆಯಿಂದ ನೆಮ್ಮದಿ ಸಿಗುತ್ತದೆಯೇ

ಸಿಗಬಹುದು ಅನ್ನುವುದಕ್ಕೆ ಆಧಾರ ಇದೆ. 2018ರಲ್ಲಿ ಹಾರ್ವರ್ಡ್‌ನ ಸಂಶೋಧಕರು 5 ಸಾವಿರಕ್ಕೂ ಹೆಚ್ಚು ಮಕ್ಕಳನ್ನು 8ರಿಂದ 14 ವರ್ಷಗಳ ಕಾಲ ಹಿಂಬಾಲಿಸಿದ ಫಲಿತಾಂಶ ಪ್ರಕಟಿಸಿದರು. ಚಿಕ್ಕಂದಿನಲ್ಲಿ ವಾರಕ್ಕೊಮ್ಮೆಯಾದರೂ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರು, ಎಂದೂ ಹೋಗದವರಿಗಿಂತ, ಇಪ್ಪತ್ತರ ಹರೆಯದಲ್ಲಿ ‘ಖುಷಿಯಾಗಿದ್ದೇನೆ’ ಅನ್ನುವ ಸಾಧ್ಯತೆ ಶೇಕಡ 18ರಷ್ಟು ಜಾಸ್ತಿ ಇತ್ತು. ಮಾದಕ ವಸ್ತು ಬಳಸುವ ಸಾಧ್ಯತೆ ಶೇಕಡ 33ರಷ್ಟು ಕಮ್ಮಿ ಇತ್ತು. ಸುಮ್ನೆ ಒಂದು ಸಲ ಪ್ರಶ್ನೆಪತ್ರಿಕೆ ಕೊಟ್ಟು ಕೇಳಿದ್ದಲ್ಲ ಇದು. ಮನೆಯ ಆದಾಯ, ತಾಯಿಯ ಆರೋಗ್ಯ ಇತ್ಯಾದಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದರೂ ಗುಡಿಗೆ ಹೋಗಿದ್ದರಿಂದಲೇ ನೆಮ್ಮದಿ ಬಂತು ಅಂತ ಅಡಿಗೆರೆ ಎಳೆದು ಹೇಳುವ ಹಾಗಿಲ್ಲ. ಒಟ್ಟಿಗೆ ಹೋಗುವಷ್ಟು ಹೊಂದಾಣಿಕೆ ಇರುವ ಮನೆಗಳೇ ಮೊದಲಿನಿಂದಲೂ ನೆಮ್ಮದಿಯಾಗಿದ್ದಿರಬಹುದು.

ಇದಕ್ಕಿಂತ ಹಳೆಯ, 1997ರ ಒಂದು ಅಧ್ಯಯನ ಮನೆಯ ಒಳಗನ್ನು ಇನ್ನೂ ಹತ್ತಿರದಿಂದ ನೋಡಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಸಾ ಮಿಲ್ಲರ್ ಮತ್ತು ಜೊತೆಗಾರರು ತಾಯಂದಿರನ್ನೂ ಮಕ್ಕಳನ್ನೂ ಹತ್ತು ವರ್ಷ ಗಮನಿಸಿದರು. ತಾಯಿ ಮತ್ತು ಮಗುವಿನ ನಂಬಿಕೆ ಒಂದಕ್ಕೊಂದು ಹೊಂದಿಕೊಂಡಿದ್ದ ಕಡೆ ಮಕ್ಕಳಿಗೆ ಖಿನ್ನತೆ ಬರುವುದು ಕಮ್ಮಿ ಇತ್ತು.

ಹೇಗೆ ಕೆಲಸ ಮಾಡುತ್ತದೆ ಅಂದರೆ, ಹಲವು ದಾರಿಗಳಲ್ಲಿ. ಜಾತ್ರೆಯೋ, ಮಸೀದಿಯೋ, ಚರ್ಚೋ, ಅಪ್ಪ ಅಮ್ಮನ ಹೊರತಾಗಿ ನಾಲ್ಕಾರು ಹಿರಿಯರು ಮಗುವಿನ ಹೆಸರು ಹಿಡಿದು ಕರೆಯುವ ಜಾಗ ಅದು. ‘ಏನ್ ಮರಿ, ಯಾಕೋ ಸೊರಗಿದೀಯ’ ಅಂತ ಕೇಳುವವರು ಅಲ್ಲಿರುತ್ತಾರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮೊದಲ ರೋಜಾ ಹಿಡಿದ ಹುಡುಗನಿಗೆ ಇಫ್ತಾರಿನ ಹೊತ್ತಿಗೆ ಮನೆಮಂದಿಯೆಲ್ಲ ಖರ್ಜೂರ ಹಿಡಿದು ಕಾಯುವಾಗ ‘ನಾನೂ ಇವರಲ್ಲೊಬ್ಬ’ ಅನ್ನಿಸುತ್ತದೆ. ಭಜನೆ, ಜಪ, ಪ್ರಾರ್ಥನೆಗಳಲ್ಲಿ ಉಸಿರು ನಿಧಾನವಾಗುತ್ತದೆ. ಉಸಿರು ನಿಧಾನವಾದರೆ ಎದೆಬಡಿತ ಇಳಿಯುತ್ತದೆ, ಗಾಬರಿ ತಗ್ಗುತ್ತದೆ. ಜೊತೆಗೆ ಅರ್ಥ. ಮನೆಯಲ್ಲಿ ಸಾವಾದಾಗ ಹನ್ನೊಂದನೇ ದಿನದ ತಿಥಿಯೋ, ನಲವತ್ತನೇ ದಿನದ ಪ್ರಾರ್ಥನೆಯೋ, ದುಃಖಕ್ಕೆ ಒಂದು ದಾರಿ ತೋರಿಸುತ್ತದೆ.

ಹಾಗಾದರೆ ಎಲ್ಲ ಮಕ್ಕಳನ್ನೂ ಕೂರಿಸಿ ಧ್ಯಾನ ಮಾಡಿಸಿಬಿಟ್ಟರೆ? ಬ್ರಿಟನ್ನಿನಲ್ಲಿ ಇದನ್ನೇ ಮಾಡಿ ನೋಡಿದರು. 8 ಸಾವಿರಕ್ಕೂ ಹೆಚ್ಚು ಮಕ್ಕಳ ದೊಡ್ಡ ಪ್ರಯೋಗ. ಶಾಲೆಯಲ್ಲಿ ಮನಸ್ಸನ್ನು ಈ ಕ್ಷಣದಲ್ಲಿ ನಿಲ್ಲಿಸುವ ಅಭ್ಯಾಸ ಕಲಿಸಿದರು. 2022ರಲ್ಲಿ ಫಲಿತಾಂಶ ಬಂದಾಗ ಮಾಮೂಲಿ ಪಾಠ ಕೇಳಿದ ಮಕ್ಕಳಿಗಿಂತ ಇವರ ಮನಸ್ಸಿನ ಆರೋಗ್ಯ ಏನೂ ಉತ್ತಮವಾಗಿರಲಿಲ್ಲ. ಬಹಳಷ್ಟು ಮಕ್ಕಳು ಮನೆಗೆ ಹೋದ ಮೇಲೆ ಅದನ್ನು ಮಾಡಿಯೇ ಇರಲಿಲ್ಲ.

ಒಟ್ಟಿಗೆ ಕೂತು ಊಟ ಮಾಡುವುದರ ಬಗ್ಗೆಯೂ ಇದೇ ಬಗೆಯ ಉತ್ತರ ಸಿಕ್ಕಿದೆ. ಜೊತೆಯಲ್ಲಿ ಉಣ್ಣುವ ಮನೆಗಳ ಮಕ್ಕಳು ಹೆಚ್ಚು ನೆಮ್ಮದಿಯಾಗಿರುತ್ತಾರೆ. ಆದರೆ ಸಂಬಂಧ ಚೆನ್ನಾಗಿದ್ದಾಗ. ಮುದ್ದೆ ಮುರಿಯುತ್ತಾ ಮಾರ್ಕ್ಸ್ ವಿಚಾರಣೆ ನಡೆಸುವುದಾದರೆ ಆ ಊಟದಿಂದ ಹೊಟ್ಟೆ ತುಂಬುತ್ತದೆ, ಅಷ್ಟೇ.

ಭಕ್ತಿ ಹೊರೆಯಾಗುವ ಕಡೆ

ಇದರ ಬಗ್ಗೆ ಮನೆಗಳಲ್ಲಿ ಮಾತಾಡುವುದು ಕಮ್ಮಿ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಕಷ್ಟಕಾಲದಲ್ಲಿ ಜನ ದೇವರನ್ನು ನೆನೆಯುವ ರೀತಿಯನ್ನು ಎರಡಾಗಿ ನೋಡಿದರು. ‘ದೇವರು ನನ್ನ ಜೊತೆಗಿದ್ದಾನೆ’ ಅನ್ನುವುದು ಒಂದು. ‘ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ’ ಅನ್ನುವುದು ಇನ್ನೊಂದು. ಮೊದಲನೆಯದು ಧೈರ್ಯ ಕೊಡುತ್ತದೆ. ಎರಡನೆಯದು ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಕಂಡುಬಂದಿದೆ.

ಮಗುವಿನ ತಲೆಗೆ ಈ ಎರಡನೆಯದು ಬರುವುದು ಹೆಚ್ಚಾಗಿ ಮನೆಯ ಮಾತಿನಿಂದ. ಎಸ್‌ಎಸ್‌ಎಲ್‌ಸಿ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಪೂಜೆ ಮಾಡಿಸುವುದರಲ್ಲಿ ತಪ್ಪೇನಿಲ್ಲ, ಮಗುವಿಗೆ ಒಂದಿಷ್ಟು ಧೈರ್ಯ ಬರುತ್ತದೆ. ರಿಸಲ್ಟ್ ಬಂದ ದಿನ ‘ನೀನು ಸರಿಯಾಗಿ ಕೈ ಮುಗೀಲಿಲ್ಲ, ಅದಕ್ಕೇ ಹಿಂಗಾಯ್ತು’ ಅಂದರೆ ಅಲ್ಲಿ ಕೆಡುತ್ತದೆ. ಕಮ್ಮಿ ನಂಬರಿನ ನೋವಿನ ಜೊತೆ ದೇವರ ಸಿಟ್ಟಿನ ಭಯವೂ ಸೇರಿತು.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹನ್ನೆರಡು ಹದಿಮೂರಕ್ಕೆ ಮುಟ್ಟು ಶುರುವಾಗುತ್ತದೆ. ನಿನ್ನೆಯವರೆಗೆ ದೀಪ ಹಚ್ಚುತ್ತಿದ್ದವಳನ್ನು ಇವತ್ತು ‘ದೂರ ಕೂತ್ಕೊ, ಮುಟ್ಟಬೇಡ’ ಅನ್ನುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ನಂಬಿಕೆಯ ಬಗ್ಗೆ ಪ್ರಶ್ನೆ ಏಳುವ ವಯಸ್ಸೂ ಅದೇ, ತನ್ನ ದೇಹದ ಬಗ್ಗೆ ನಾಚಿಕೆ ಹುಟ್ಟುವ ವಯಸ್ಸೂ ಅದೇ. ಮುಟ್ಟು ದೇಹದ ಮಾಮೂಲಿ ಕೆಲಸ, ಅದರಲ್ಲಿ ಮೈಲಿಗೆಯ ವಿಷಯ ಏನೂ ಇಲ್ಲ. ಆ ಮಾತು ಅಮ್ಮನ ಬಾಯಿಂದಲೇ ಬಂದರೆ ಹುಡುಗಿಯ ಮನಸ್ಸಿಗೆ ಎಷ್ಟೋ ಹಗುರ.

ಪೂಜೆ ಬಿಟ್ಟದ್ದು ಬೇರೆ, ಮಂಕಾದದ್ದು ಬೇರೆ

ಮೊದಲಿನ ಎರಡು ಪ್ರಶ್ನೆಗಳನ್ನು ಬೇರೆ ಮಾಡುವುದು ಹೇಗೆ? ದೇವರ ಮನೆಯನ್ನು ಬಿಟ್ಟು ಉಳಿದದ್ದನ್ನು ನೋಡಿ. ಹುಡುಗ ಪೂಜೆಗೆ ಬರುವುದಿಲ್ಲ, ಆದರೆ ಸಂಜೆ ಕ್ರಿಕೆಟ್ಟಿಗೆ ಓಡುತ್ತಾನೆ, ಊಟ ಸರಿಯಾಗಿ ಮಾಡುತ್ತಾನೆ, ತಂಗಿಯ ಜಡೆ ಎಳೆಯುತ್ತಾನೆ ಅಂದರೆ ಅದು ವಯಸ್ಸಿನ ಪ್ರಶ್ನೆ. ಪೂಜೆಯ ಜೊತೆಗೆ ಕ್ರಿಕೆಟ್ಟನ್ನೂ ಬಿಟ್ಟ, ಗೆಳೆಯರ ಫೋನು ಎತ್ತುವುದಿಲ್ಲ, ನಿದ್ದೆ ಊಟ ಏರುಪೇರಾಗಿದೆ, ಎರಡು ವಾರಕ್ಕೂ ಮೇಲೆ ಹೀಗೇ ಇದೆ ಅಂದರೆ ಅದು ನಂಬಿಕೆಯ ವಿಷಯ ಅಲ್ಲ, ಆರೋಗ್ಯದ ವಿಷಯ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಕಾಣಬೇಕಿಲ್ಲ. ಸಿಡುಕು, ತಲೆನೋವು, ಹೊಟ್ಟೆನೋವಾಗಿಯೂ ಕಾಣಬಹುದು. ಉಲ್ಟಾ ಕೂಡ ಆಗುತ್ತದೆ: ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಜಪ ಮಾಡುವ, ಮೈಲಿಗೆ ಅಂತ ಕೈಯನ್ನು ಮತ್ತೆ ಮತ್ತೆ ತೊಳೆಯುವ ಮಗುವನ್ನು ನೋಡಿ ಮನೆಯವರು ಹೆಮ್ಮೆಪಡುತ್ತಾರೆ. ಅದು ಗೀಳುರೋಗದ ಲಕ್ಷಣವೂ ಆಗಿರಬಹುದು.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮೊದಲು ದೃಷ್ಟಿ ತೆಗೆಯುತ್ತಾರೆ, ತಾಯಿತ ಕಟ್ಟಿಸುತ್ತಾರೆ, ಶಾಸ್ತ್ರ ಕೇಳುತ್ತಾರೆ. ಅದರಿಂದ ಮನೆಯವರಿಗೆ ಸಮಾಧಾನ ಆಗುವುದಾದರೆ ಆಗಲಿ, ಡಾಕ್ಟರ ಹತ್ತಿರ ಹೋಗುವುದು ಮಾತ್ರ ತಡವಾಗಬಾರದು. ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತು ಮಗುವಿನ ಬಾಯಲ್ಲಿ ಬಂದರೆ ನೇರವಾಗಿಯೇ ಕೇಳಿ: ಸಾಯಬೇಕು ಅಂತ ಅನ್ನಿಸ್ತಿದೆಯಾ? ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಲದ ಔಷಧಿ ಡಬ್ಬ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ನೇರವಾಗಿ ಮಾಡಬಹುದಾದ ಮಕ್ಕಳ ಸಹಾಯವಾಣಿ 1098. ಮಗು ಮಾತಾಡಲು ಒಪ್ಪದಿದ್ದರೆ 14416ಕ್ಕೆ ಅಪ್ಪ ಅಮ್ಮನೇ ಫೋನು ಮಾಡಿ ‘ಇವನ ಹತ್ತಿರ ಹೇಗೆ ಮಾತಾಡಲಿ’ ಅಂತ ಕೇಳಬಹುದು.